ಫಿರ್ಯಾದಿಗೆ ಒಂದು ಹಗಲು

ಮುಂಡಗೋಡ
೧೯ ನವೆಂಬರ ೧೯೬೩

ಚಿರಂಜೀವಿ ಸೌಭಾಗ್ಯವತಿ ಸುಶೀಲವ್ವಳಿಗೆ, ಇಲ್ಲಿಯ ಮಾಮಲೇದಾರ ಕಚೇರಿಯ ಕಟ್ಟೆಯ ಮೇಲೆ ಅರ್ಜಿ ಬರೆಯುವ ವೃತ್ತಿಯಲ್ಲಿರುವ ನಿನ್ನ ತಂದೆ ಮಹಾಂತಪ್ಪನು ಮನಸಾರೆ ಹರಸಿ ಅರುಹುವುದೇನೆಂದರೆ:

ಈ ಪತ್ರದ ಸಂಗಡ ಬಸ್ಸಿನಲ್ಲಿ ಹಳಿಯಾಳದವರೆಗೆ ಬಂದು, ಅಲ್ಲಿಂದ ನಿನ್ನ ಮನೆಯವರ ಕೈಯಲ್ಲಿ ದಾಂಡೇಲಿಗೆ ತಲುಪಲಿರುವ, ಹಸಿರು ಮೈಯ, ಕೆಂಪು ಕೊಕ್ಕಿನ, ಫಿರ್ಯಾದಿ ಎಂಬ ಹೆಸರಿನ ಗಿಣಿಯು ನಿನಗೆ ಅಪರಿಚಿತವಾದುದಲ್ಲ. ನಿನ್ನ ತಾಯಿ ಲಿಂಗೈಕ್ಯಳಾದ ವರ್ಷ, ಕಡಿದುರುಳಿಸಿದ ಮತ್ತಿಮರದ ಪೊಟರೆಯಿಂದ ಬಿದ್ದಿದ್ದ ಆ ಮರಿಗೆ ಜೋಳದ ಅಂಬಲಿಯನ್ನು ಬೆರಳ ತುದಿಯಿಂದ ಕುಡಿಸಿ ಬದುಕಿಸಿದವಳು ನೀನೇ. ದಿನವಿಡೀ ದೂರು ಹೇಳಿದಂತೆ ಕೂಗುತ್ತಿದ್ದ ಕಾರಣ ಅದಕ್ಕೆ ಆ ಹೆಸರಿಟ್ಟವನು ನಾನು. ಮದುವೆಯಾಗಿ ಹೊರಡುವ ದಿವಸ ನೀನು "ಅಪ್ಪಾ, ನಿಮಗ ಮಾತಾಡಾಕ ಯಾರರ ಬೇಕಲ್ಲ, ಇದು ಇಲ್ಲೇ ಇರಲಿ" ಎಂದು ಪಂಜರವನ್ನು ನನ್ನ ಕೋಣೆಯ ಕಿಟಕಿಗೆ ತೂಗುಹಾಕಿ ಹೋದೆ. ಅಂದಿನಿಂದ ಸದರಿ ಗಿಣಿಯು ನನ್ನ ಕಬಜೆಯಲ್ಲಿದ್ದು, ಅರ್ಜಿದಾರರಿಗೆ ನಾನು ಹೇಳುವ "ಸಹಿ ಮಾಡ್ರಿ" ಎಂಬ ಮಾತನ್ನು ನನಗಿಂತ ಸ್ಪಷ್ಟವಾಗಿ ಹೇಳಬಲ್ಲದಾಗಿದೆ.

ಈಗ ಅದನ್ನು ಕಳುಹಿಸಬೇಕಾಗಿ ಬಂದ ಕಾರಣವು ನನ್ನ ಎರಡೂ ಕಣ್ಣುಗಳಿಗೆ ಬಂದಿರುವ ಪೊರೆ. ಬರೆದ ಸಾಲಿನ ಮೇಲೆಯೇ ಮತ್ತೊಂದು ಸಾಲು ಬರೆಯುವ ಸ್ಥಿತಿಯುಂಟಾಗಿ, ಕಕ್ಷಿದಾರರು ಅರ್ಜಿಯನ್ನು ಬೇರೊಬ್ಬರಿಂದ ಮತ್ತೆ ಬರೆಯಿಸುತ್ತಿದ್ದಾರೆ. ಚಳಿ ಬಲಿತ ಮೇಲೆ ಹುಬ್ಬಳ್ಳಿಯ ಕಣ್ಣಿನ ದವಾಖಾನೆಯಲ್ಲಿ ಶಸ್ತ್ರಕ್ರಿಯೆ ಮಾಡುವುದಾಗಿ ಡಾಕ್ಟರರು ಹೇಳಿದ್ದಾರೆ. ಫಲ ದೇವರ ಕೈಯಲ್ಲಿದೆ. ಗಿಣಿಯ ಕೊರಳಿನ ಗುಲಾಬಿ ಪಟ್ಟಿಯು ನನಗೆ ಕಾಣದೆ ಬಹಳ ಕಾಲವಾಯಿತು. ಕಣ್ಣು ಬಂದರೆ ಮೊದಲು ನೋಡಬೇಕೆಂದಿರುವುದು ಅದನ್ನೇ. ಆದುದರಿಂದ ನಾನು ಬಂದು ಕೇಳುವವರೆಗೆ ಅದನ್ನು ನಿನ್ನ ಹವಾಲೆಗೆ ಒಪ್ಪಿಸಿದ್ದು, ಕೇಳಿದಾಗ ಒಂದು ಗರಿಯೂ ಕಡಿಮೆಯಾಗದಂತೆ ಮರಳಿ ಕೊಡತಕ್ಕದ್ದು.

ಆಹಾರಕ್ಕೆ ನೆನೆಸಿದ ಕಡಲೆ, ಪೇರಲಹಣ್ಣು, ಹಸಿ ಮೆಣಸಿನಕಾಯಿ. ನಿನ್ನ ಮನೆಯವರಿಗೆ ತಿಳಿಸತಕ್ಕದ್ದನ್ನು ನೀನೇ ತಿಳಿಸು.

ನಿನ್ನ ಹಿತವನ್ನು ಬಯಸುವ,
ಮಹಾಂತಪ್ಪ

*

ದಾಂಡೇಲಿ
೩ ಡಿಸೆಂಬರ ೧೯೬೩

ತೀರ್ಥರೂಪ ಅಪ್ಪನವರಿಗೆ ಮಗಳು ಸುಶೀಲಾ ಶರಣು ಮಾಡಿ ಬರೆಯುವ ಪತ್ರ.

ಫಿರ್ಯಾದಿ ಸುಖವಾಗಿ ಬಂದು ತಲುಪಿತು. ನನ್ನ ಮನೆಯವರ ಹೆಸರನ್ನು ನೀವು ಬರೆದಿರಲಿಲ್ಲ. ಅವರ ಹೆಸರು ಉಳವಪ್ಪ. ಅವರು ಹಳಿಯಾಳದಿಂದ ಪಂಜರವನ್ನು ತೊಡೆಯ ಮೇಲಿಟ್ಟುಕೊಂಡೇ ಬಂದರು. ದಾರಿಯಲ್ಲಿ ಯಾರೋ "ಗಿಣೀಗೂ ಟಿಕೀಟ ತಗಿಸೀರೇನ್ರೀ?" ಎಂದು ಚೇಷ್ಟೆ ಮಾಡಿದರಂತೆ. ಇದು ಕತ್ತು ಹೊರಳಿಸಿ "ಸಹಿ ಮಾಡ್ರಿ" ಎಂದಿತಂತೆ. ಬಸ್ಸಿಗೆ ಬಸ್ಸೇ ನಕ್ಕಿತು ಎಂದು ಹೇಳುವಾಗ ಅವರೂ ನಕ್ಕರು. ಕಚೇರಿಯಲ್ಲಿ ನೀವು ಕೊಡಿಸಿದ್ದ ಕಾರಕೂನಿಕೆಯನ್ನು ಬಿಟ್ಟು ಇಲ್ಲಿಯ ಕಾಗದದ ಮಿಲ್ಲಿಗೆ ಸೇರಿದ ಮೇಲೆ, ನಿಮ್ಮ ಕಡೆಯ ಮಾತಿಗೆ ಅವರು ನಕ್ಕದ್ದನ್ನು ನಾನು ಕಂಡಿರಲಿಲ್ಲ.

ನೀವು ಈ ಮನೆಯನ್ನು ನೋಡಿಲ್ಲವಾದ್ದರಿಂದ ಹೇಳುತ್ತೇನೆ. ಸಾಲು ಮನೆಗಳಲ್ಲಿ ನಮ್ಮದು ಕೊನೆಯದು. ಒಂದು ಕೋಣೆ, ಒಂದು ಅಡಿಗೆಮನೆ, ಹಿಂದೆ ಸಣ್ಣ ಹಿತ್ತಲು. ಹಿತ್ತಲ ಆಚೆ ಇಳಿಜಾರು, ಅದರಾಚೆ ಕಾಳಿ ಹೊಳೆ. ಕೋಣೆಯ ನಡುವೆ ದಾರ ಸುತ್ತಿದ ತಂತಿಯಿಂದ ವಿದ್ಯುತ್ತಿನ ಬಲ್ಬು ತೂಗುತ್ತದೆ. ಮೊದಲ ಸಂಜೆ ನಾನು ಗುಂಡಿ ಒತ್ತಿದಾಗ ಫಿರ್ಯಾದಿ ಒಂಟಿಗಾಲಿನ ಮೇಲೆ ತೂಕಡಿಸುತ್ತಿತ್ತು. ಬೆಳಕು ಒಮ್ಮೆಲೇ ಬಿದ್ದೊಡನೆ ಎರಡೂ ಕಾಲೂರಿ, ಮೈಯ ಗರಿಯನ್ನೆಲ್ಲ ದೇಹಕ್ಕೆ ಅಂಟಿಸಿಕೊಂಡು ತೆಳ್ಳಗಾಗಿ ನಿಂತಿತು. ಅದರ ಕಣ್ಣಿನ ಕರಿಬೊಟ್ಟು ಕುಗ್ಗುತ್ತ ಹಿಗ್ಗುತ್ತ ಇದ್ದದ್ದನ್ನು ನಾನು ಹತ್ತಿರದಿಂದ ನೋಡಿದೆ, ಅಪ್ಪಾ. ಜಗತ್ತು ಹುಟ್ಟಿದ್ದನ್ನು ನೋಡಿದವರ ಕಣ್ಣು ಹಾಗಿದ್ದಿರಬೇಕು. ಪಕ್ಕದ ಮನೆಯ ಗೋದುಬಾಯಿ, ಬೆಳಗಾವಿ ಕಡೆಯವರು, ಗಿಣಿಗೆ ಪೋಪಟ ಎನ್ನುವವರು, ಬಾಗಿಲಲ್ಲೇ ನಿಂತು "ಅಗಬಾಯೀ! ನಿಮ್ಮ ಪೋಪಟಗ ಕೋಣ್ಯಾಗ ಸೂರ್ಯಾ ಹುಟ್ಟ್ಯಾನ ನೋಡ್ರಿ" ಎಂದರು.

ನಮ್ಮ ಮನೆಯವರಿಗೆ ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ರಾತ್ರಿ ಪಾಳಿಯ ವಾರ ನಾನು ಬೆಳಗಿನವರೆಗೂ ದೀಪ ಆರಿಸುವುದಿಲ್ಲ. ಗಿಣಿ ಜೊತೆಗಿದೆ, ಇಬ್ಬರಿಗೂ ಅಂಜಿಕೆಯಿಲ್ಲ. ಇವರು ಬಂದು ಹಗಲು ಮಲಗುವಾಗ ಕಿಟಕಿಗೆ ಗೋಣಿಚೀಲ ಬಿಟ್ಟು ಕತ್ತಲೆ ಮಾಡುತ್ತೇನೆ. ಹಳಿಯಾಳದ ಸಂತೆಯಿಂದ ಪಂಜರಕ್ಕೆ ಒಂದು ಸಣ್ಣ ಕನ್ನಡಿ, ಒಂದು ಪ್ಲಾಸ್ಟಿಕ್ಕಿನ ಗಿಲಕಿ ತಂದಿದ್ದೇವೆ. ಮಿಲ್ಲಿನ ಭೋಂಗಾದ ಕೂಗನ್ನು ಅದು ಆಗಲೇ ಕಲಿಯುತ್ತಿದೆ.

ನಿಮ್ಮ ಕಣ್ಣಿನ ಕಾಳಜಿ ತೆಗೆದುಕೊಳ್ಳಿ. ದವಾಖಾನೆಯಲ್ಲಿ ಸಂಗಡ ಯಾರಿರುತ್ತಾರೆ? ನಾನು ಬರಲೇ?

ನಿಮ್ಮ ಮಗಳು,
ಸುಶೀಲಾ

*

ಮುಂಡಗೋಡ
೨೨ ಡಿಸೆಂಬರ ೧೯೬೩

ಚಿರಂಜೀವಿ ಸುಶೀಲವ್ವಳಿಗೆ ಆಶೀರ್ವಾದ.

ನಿನ್ನ ಪತ್ರವನ್ನು ಕಚೇರಿಯ ಜವಾನನಿಂದ ಓದಿಸಿ ಕೇಳಿದೆನು. ಕಂದೀಲಿನ ಮಂದ ಬೆಳಕಿನಲ್ಲಿ ಆಯುಷ್ಯ ಕಳೆದ ನನಗಿಂತ ಮೊದಲೇ ಸದರಿ ಗಿಣಿಗೆ ವಿದ್ಯುದ್ದೀಪದ ದರ್ಶನವಾದುದು ಪರಮ ಸಂತೋಷದ ಸಂಗತಿ. ಬೆಳಕೆಂದರೆ ಏನೆಂಬುದನ್ನು ಅದು ಕಡಿಮೆಯಾಗುತ್ತ ಬಂದವನೇ ಬಲ್ಲನು. ಎದುರಿಗೆ ನಿಂತವನ ಮುಖವು ಬೂದಿ ಮೆತ್ತಿದ ತೆಂಗಿನಕಾಯಿಯಂತೆ ಕಾಣುವ ಈ ದಿವಸಗಳಲ್ಲಿ, ನಿನ್ನ ಕೋಣೆಯಲ್ಲಿ ಗುಂಡಿ ಒತ್ತಿದ ಮಾತ್ರಕ್ಕೆ ಸೂರ್ಯ ಹುಟ್ಟುವನೆಂಬುದನ್ನು ನಾನು ಪದೇಪದೇ ನೆನೆಯುತ್ತೇನೆ. ಆದಕಾರಣ ನಿನಗೆ ತಾಕೀತು ಮಾಡುವುದೇನೆಂದರೆ, ಗಿಣಿಗೆ ಬೆಳಕಿನ ಬಡತನ ಮಾಡಬೇಡ. ಸಾಧ್ಯವಾದರೆ ಇನ್ನೂ ದೊಡ್ಡ ಬಲ್ಬನ್ನು ಹಾಕಿಸತಕ್ಕದ್ದು.

ಸಂಕ್ರಾಂತಿ ಮುಗಿದೊಡನೆ ಹುಬ್ಬಳ್ಳಿಯ ದವಾಖಾನೆಗೆ ಸೇರತಕ್ಕವನಿದ್ದು, ಮುಂದಿನ ಪತ್ರವನ್ನು ಅಲ್ಲಿಗೇ ಹಾಕು. ಸಂಗಡ ಯಾರೂ ಬರುವ ಅವಶ್ಯಕತೆ ಇಲ್ಲ.

ಮಹಾಂತಪ್ಪ

*

ದಾಂಡೇಲಿ
೨೦ ಜನೇವರಿ ೧೯೬೪

ಈ ಪತ್ರವನ್ನು ದವಾಖಾನೆಯಲ್ಲಿ ನಮ್ಮ ಅಪ್ಪನವರಿಗೆ ಓದಿ ಹೇಳುವ ಪುಣ್ಯಾತ್ಮರೇ, ಮೊದಲು ನೀವೊಬ್ಬರೇ ಓದಿಕೊಳ್ಳಿ. ಶಸ್ತ್ರಕ್ರಿಯೆಯಾದ ಕಣ್ಣಿಗೆ ನೀರು ಬರಬಾರದೆಂದು ಕೇಳಿದ್ದೇನೆ. ಅವರು ತಡೆದುಕೊಳ್ಳುವಂತಿದ್ದರೆ ಮಾತ್ರ ಮುಂದಿನದನ್ನು ಹೇಳಿರಿ.

ಅಪ್ಪಾ, ಫಿರ್ಯಾದಿ ತನ್ನ ಗರಿಗಳನ್ನು ತಾನೇ ಕಿತ್ತುಕೊಳ್ಳುತ್ತಿದೆ. ಎದೆಯ ಮೇಲೆ ರೂಪಾಯಿಯಷ್ಟು ಅಗಲ ಬರೀ ತೊಗಲು ಉಳಿದಿದೆ. ಹಸಿರೆಲ್ಲ ಹೋಗಿ ಕಾಣುವ ಆ ಬಿಳಿಚು ಮೈಯನ್ನು ನೋಡಲಾಗುವುದಿಲ್ಲ. ಕಡಲೆ ಮುಟ್ಟುವುದಿಲ್ಲ. ಪೇರಲವನ್ನು ಕಚ್ಚಿ ಬಿಸಾಡುತ್ತದೆ. ಕನ್ನಡಿಯ ಮುಂದೆ ಮಾತ್ರ ಗಂಟೆಗಟ್ಟಲೆ ಕೂರುತ್ತದೆ, ಬಾಯಿಂದ ತುತ್ತು ತೆಗೆದು ಕನ್ನಡಿಗೆ ಉಣಿಸಲು ನೋಡುತ್ತದೆ. ಗಿಲಕಿಯನ್ನು ಕಣ್ಣೆತ್ತಿ ನೋಡುವುದಿಲ್ಲ. "ಸಹಿ ಮಾಡ್ರಿ" ಎಂಬ ಮಾತು ನಿಂತೇಹೋಗಿದೆ. ನೀವು ಹೇಳಿದಂತೆ ನೂರರ ಬಲ್ಬು ಹಾಕಿಸಿದೆವು. ಅಂದಿನಿಂದ ಮತ್ತೂ ಹೆಚ್ಚಾಯಿತು.

ಮೊನ್ನೆ ಅದನ್ನು ಹೊರಗೆ ಬಿಟ್ಟಿದ್ದಾಗ ಹಾರಿ ಬಲ್ಬಿನ ತಂತಿಯ ಮೇಲೆ ಕೂತು, ಸುತ್ತಿದ ದಾರವನ್ನು ಕೊಕ್ಕಿನಿಂದ ಬಿಚ್ಚತೊಡಗಿತು. ಒಳಗಿನ ತಾಮ್ರ ಹೊಳೆಯುತ್ತಿತ್ತು. ಇವರು ಓಡಿಬಂದು ಗುಂಡಿ ಆರಿಸಿ, ಕತ್ತಲಲ್ಲೇ ಅದನ್ನು ಕೈಯಲ್ಲಿ ಹಿಡಿದರು. ಬೆರಳಿಗೆ ಕಚ್ಚಿತು. ರಕ್ತ ಸೋರುತ್ತಿದ್ದರೂ ಕೈ ಬಿಡಲಿಲ್ಲ.

ಆದರೆ ಹಗಲು ಇವರು ಮಲಗಿದಾಗ ಅದು ಕಿರುಚುತ್ತದೆ. ನಿದ್ದೆಗೆಟ್ಟು ಯಂತ್ರದ ಮುಂದೆ ನಿಲ್ಲುವವರು ಇವರು. ನಿನ್ನೆ ಎದ್ದು ಕುಳಿತು "ಸುಶೀಲಾ, ನಿಮ್ಮಪ್ಪನ ಗಿಣಿ ಮಲಗಬೇಕು, ಇಲ್ಲಾ ನಾ ಮಲಗಬೇಕು. ಇಬ್ಬರೂ ಎಚ್ಚರಿದ್ರ ಯಾರರೇ ಒಬ್ಬರು ಸಾಯ್ತೇವಿ" ಎಂದರು. ಗೋದುಬಾಯಿಯವರು "ದೃಷ್ಟಿ ಆಗೇತ್ರಿ, ಮೆಣಸಿನಕಾಯಿ ನಿವಾಳಿಸ್ರಿ" ಎಂದರು. ನಿವಾಳಿಸಿದೆ. ಫಿರ್ಯಾದಿ ಆ ಮೆಣಸಿನಕಾಯಿಯನ್ನೂ ತಿನ್ನಲಿಲ್ಲ.

ಒಂದು ಗರಿಯೂ ಕಡಿಮೆಯಾಗಬಾರದೆಂದು ಬರೆದಿದ್ದಿರಿ. ಅದು ಉಳಿಯುತ್ತದೋ ಇಲ್ಲವೋ ಎಂಬ ಅಂಜಿಕೆಯಲ್ಲಿ ಬರೆಯುತ್ತಿದ್ದೇನೆ. ಏನು ಮಾಡಲಿ?

ಸುಶೀಲಾ

*

ಹುಬ್ಬಳ್ಳಿ, ಕಣ್ಣಿನ ದವಾಖಾನೆ
೨೭ ಜನೇವರಿ ೧೯೬೪

ಚಿರಂಜೀವಿ ಸುಶೀಲವ್ವಳಿಗೆ ತಂದೆ ಮಹಾಂತಪ್ಪನ ಆಶೀರ್ವಾದ. ಎರಡೂ ಕಣ್ಣಿಗೆ ಪಟ್ಟಿ ಇರುವುದರಿಂದ, ಒಂದೇ ಕಣ್ಣಿಗೆ ಪಟ್ಟಿಯುಳ್ಳ ನನ್ನ ಪಕ್ಕದ ಹಾಸಿಗೆಯ ಕರಿಬಸಪ್ಪನವರು ನಾನು ಹೇಳಿದಂತೆ ಬರೆಯುತ್ತಿದ್ದಾರೆ.

ಅವರು ನಿನ್ನ ಪತ್ರವನ್ನು ಒಡೆದು ಬಹಳ ಹೊತ್ತು ಸುಮ್ಮನೆ ಇದ್ದರು. ಬಳಿಕ "ಎಲ್ಲಾರೂ ಆರಾಮ ಅದಾರಂತ್ರೀ" ಎಂದರು. ಆಯುಷ್ಯವೆಲ್ಲ ಬೇರೆಯವರ ಅರ್ಜಿ ಓದಿದವನಿಗೆ, ಓದುವವನು ಎಲ್ಲಿ ತಡೆಯುತ್ತಾನೆಯೋ ಅಲ್ಲಿಯೇ ಸಂಗತಿ ಇರುತ್ತದೆಂಬುದು ಗೊತ್ತು. ಪೂರ್ತಿ ಓದಿಸಿ ಕೇಳಿದೆನು.

ಈಗ ನಾನು ಹೇಳುವುದನ್ನು ಲಕ್ಷ್ಯಗೊಟ್ಟು ಓದು. ಶಸ್ತ್ರಕ್ರಿಯೆಯಾದಂದಿನಿಂದ ನನ್ನ ತಲೆಯ ಎರಡೂ ಬದಿಗೆ ಉಸುಕಿನ ಚೀಲಗಳನ್ನಿಟ್ಟು ಅಲುಗದಂತೆ ಮಲಗಿಸಿದ್ದಾರೆ. ಎರಡು ದಿವಸದೊಳಗೆ ನನಗೆ ಹೊತ್ತಿನ ಗುರುತು ಹೋಯಿತು. ಚಹಾ ಬಂದಾಗ ಸಂಜೆಯೆಂದು ತಿಳಿದು ಮಲಗುವ ಹೊತ್ತಿನ ವಚನ ಹೇಳಿಕೊಂಡೆನು. ಅದು ಮುಂಜಾನೆಯ ಚಹಾ ಆಗಿತ್ತು. ನಿದ್ರೆಯೂ ಬಾರದು, ಎಚ್ಚರವೂ ಆಗದು, ಅನ್ನದ ವಾಸನೆ ಬೇಡವಾಯಿತು. ಒಂದು ದಿವಸ ಕರಿಬಸಪ್ಪನವರು "ಅಜ್ಜಾರ, ಚಾದರಾ ಯಾಕ ಹರೀತೀರಿ?" ಎಂದು ಕೇಳಿದರು. ಮುಟ್ಟಿ ನೋಡಿಕೊಂಡೆನು. ನನ್ನ ಅರಿವಿಲ್ಲದೆಯೇ ನನ್ನ ಬೆರಳುಗಳು ಹೊದಿಕೆಯ ಅಂಚಿನ ಎಳೆಗಳನ್ನು ಒಂದೊಂದಾಗಿ ಕಿತ್ತು, ಎದೆಯ ಮೇಲೆ ನೂಲಿನ ಗುಡ್ಡೆಯೇ ಬಿದ್ದಿತ್ತು.

ಅದರ ಮರುದಿನ ನಿನ್ನ ಪತ್ರ ಬಂದಿತು. ಸುಶೀಲಾ, ನನ್ನ ಬೆರಳೂ ಅದರ ಕೊಕ್ಕೂ ಒಂದೇ ಕೆಲಸವನ್ನು ಮಾಡುತ್ತಿದ್ದವು. ನಿನ್ನ ಮನೆಯಲ್ಲಿ ಒಂದು ವಾರ ಹಗಲು ಬೆಳಕು, ಒಂದು ವಾರ ರಾತ್ರಿ ಬೆಳಕು. ಮನುಷ್ಯರು ಪಾಳಿ ಬದಲಿಸಿದಂತೆ ನೀವು ಆ ಹಕ್ಕಿಯ ಸೂರ್ಯನಿಗೂ ಪಾಳಿ ಹಾಕಿದ್ದೀರಿ. ದೊಡ್ಡ ಬಲ್ಬನ್ನು ಹಾಕಿಸಲು ಹೇಳಿ ನಾನು ಅದಕ್ಕೆ ಇನ್ನಷ್ಟು ಕೂಡಿಸಿದೆನು. ಬೆಳಕು ಕಡಿಮೆಯಾದವನು ಎಲ್ಲರಿಗೂ ಅದರದೇ ಕೊರತೆಯೆಂದು ತಿಳಿಯುತ್ತಾನೆ.

ನನಗೆ ಹೊತ್ತು ಮರಳಿ ಸಿಕ್ಕ ರೀತಿಯನ್ನೂ ಹೇಳುತ್ತೇನೆ. ಇಲ್ಲಿಯ ಕಿಟಕಿಯಾಚೆ ಯಾವುದೋ ಒಂದು ದೊಡ್ಡ ಮರವಿದೆ. ಎಲ್ಲವೂ ನಿಶ್ಶಬ್ದವಾಗಿದ್ದಾಗ ಅಲ್ಲಿ ಒಂದು ಹಕ್ಕಿ ಒಮ್ಮೆ ಉಲಿಯುತ್ತದೆ. ಯಾರೂ ಉತ್ತರ ಕೊಡುವುದಿಲ್ಲ. ಅದು ಮತ್ತೊಮ್ಮೆ ಕೇಳುತ್ತದೆ. ಆಗ ಇನ್ನೊಂದು. ಆಮೇಲೆ ಆ ಮರವಿಡೀ, ಕೊಂಬೆಕೊಂಬೆಗೂ ಬಾಯಿ ಬಂದಂತೆ, ಒಮ್ಮೆಲೇ ಎದ್ದು ಕೂಗುತ್ತದೆ. ಆ ಕೂಗು ನನ್ನ ಪಟ್ಟಿಯ ಮೇಲೆ ಬಿದ್ದಾಗ, ಕಣ್ಣು ಮುಚ್ಚಿದ್ದರೂ, ಬೆಳಗಾದದ್ದನ್ನು ನಾನು ಕಂಡೆನೆಂದೇ ಹೇಳಬೇಕು. ಅರವತ್ತು ವರ್ಷ ಬೆಳಗನ್ನು ಕಣ್ಣಿನಿಂದ ನೋಡಿ ಅದರ ಅರ್ಧವನ್ನೂ ಅರಿತಿರಲಿಲ್ಲ. ಅಂದಿನಿಂದ ಬೆರಳು ಸುಮ್ಮನಾದವು.

ಆದುದರಿಂದ ಗಿಣಿಗೆ ಒಂದೇ ಸೂರ್ಯನನ್ನು ಕೊಡತಕ್ಕದ್ದು. ಹೊರಗೆ ಸೂರ್ಯ ಮೂಡಿದಾಗ ಅದಕ್ಕೂ ಮೂಡಲಿ, ಮುಳುಗಿದಾಗ ಅದಕ್ಕೂ ಮುಳುಗಲಿ. ಪಂಜರವು ಬೆಕ್ಕು ಬಾರದ, ಗಾಳಿ ಹೊಡೆಯದ, ಆಕಾಶ ಕಾಣುವ ಜಾಗದಲ್ಲಿರಲಿ. ಸಂಜೆ ಮಂದವಾದ ಮೇಲೆ ಧೋತರ ಹೊದಿಸಿ ಒಂದು ಬದಿ ತೆರೆದಿಡು. ಬಲ್ಬು ಚಿಕ್ಕದಾಗಲಿ, ಅದರ ಬೆಳಕು ಪಂಜರದ ಕಡೆಗೆ ಬೀಳದಂತೆ ಮರೆಯಾಗಲಿ, ತಂತಿಯು ಕೊಕ್ಕಿಗೆ ನಿಲುಕದ ಎತ್ತರಕ್ಕೆ ಹೋಗಲಿ. ಕನ್ನಡಿಯನ್ನು ತೆಗೆ, ಉತ್ತರ ಕೊಡದವನಿಗೆ ಉಣಿಸುತ್ತ ಕೂತವನು ತಾನು ಉಪವಾಸ ಬೀಳುತ್ತಾನೆ. ಗಿಲಕಿಯಲ್ಲಿ ಅದಕ್ಕೆ ಮಾಡಲು ಏನಿದೆ? ಅಡವಿಯಲ್ಲಿ ಗಿಣಿಗೆ ಸುಲಿದ ಹಣ್ಣನ್ನು ಕೈಗೆ ಕೊಡುವವರಿಲ್ಲ. ಸೀಳಿ, ಬಗೆದು, ಹುಡುಕಿ ತಿನ್ನುತ್ತದೆ. ಎಳೆ ಬಿದಿರಿನ ತುಂಡು, ತೊಗಟೆ ಸಮೇತ ಹುಣಸೆಯ ಬರಲು, ರವದಿ ಸುಲಿಯದ ಗೋವಿನಜೋಳದ ತೆನೆ, ಕಡಲೆಯನ್ನಿಟ್ಟು ಗಂಟು ಹಾಕಿದ ನಾರು, ಇವುಗಳನ್ನು ಕೊಡು. ಕಿತ್ತುಹಾಕಲಿ. ಕೀಳಲು ಬೇರೆ ಇದ್ದರೆ ತನ್ನನ್ನು ಕಿತ್ತುಕೊಳ್ಳುವುದಿಲ್ಲ.

ನಿನ್ನ ಮನೆಯವರ ನಿದ್ರೆಯೂ ಮುಖ್ಯವಾದುದು. ಅದಕ್ಕೆ ಉಪಾಯ ನನಗೆ ತೋಚಿಲ್ಲ. ಬೆರಳಿನ ಗಾಯ ಹೇಗಿದೆ?

ತಂದೆ,
ಮಹಾಂತಪ್ಪ

ತಾ.ಕ. ತಂಗೀ, ನಾ ಕರಿಬಸಪ್ಪ ಬರಿಯೂದು. ನಿಮ್ಮಪ್ಪಾರು 'ಸದರಿ', 'ತಕ್ಕದ್ದು' ಅಂತ ಹೇಳಿ ಹೇಳಿ ನನ್ನ ಇದ್ದೊಂದು ಕಣ್ಣೂ ದಣಿಸ್ಯಾರ. ಕಣ್ಣಾಗ ನೀರ ತರಲಿಲ್ಲ, ಗಟ್ಟಿ ಅದಾರ. ಆದ್ರ ನಿನ್ನ ಕಾಗದಾ ಕೇಳಿದ ದಿನ ಊಟಾ ಮುಟ್ಟಲಿಲ್ಲ. ನರ್ಸಬಾಯಾರ ಬೈದ್ರೂ ಮುಟ್ಟಲಿಲ್ಲ. ಗಿಣಿ ಉಂಡ ಸುದ್ದಿ ಇದ್ರ ಲಗೂನ ಬರಿಯವ್ವಾ.

*

ದಾಂಡೇಲಿ
೧೮ ಫೆಬ್ರುವರಿ ೧೯೬೪

ಅಪ್ಪನವರಿಗೆ ಶರಣು. ಕರಿಬಸಪ್ಪಣ್ಣನವರಿಗೂ ಶರಣು. ಗಿಣಿ ಉಂಡಿದೆ.

ನಿಮ್ಮ ಪತ್ರವನ್ನು ಇವರಿಗೆ ಓದಿ ಹೇಳಿದೆ. ಬೆರಳಿನ ಗಾಯದ ಮಾತು ಬಂದಾಗ "ಇನ್ನೊಮ್ಮೆ ಓದು" ಎಂದರು. ಓದಿದೆ. ಎದ್ದು ಹಿತ್ತಲಿಗೆ ಹೋಗಿ, ಮಾಡಿನ ಅಡಿಗೆ ತಂತಿಜಾಳಿಗೆ ಬಡಿದು ಪಂಜರಕ್ಕೆ ಜಾಗ ಮಾಡಿದರು. ಪೂರ್ವಕ್ಕೆ ಹೊಳೆ, ಮೇಲೆ ಆಕಾಶ. ಮಿಲ್ಲಿನಲ್ಲಿ ತಂತಿಕೆಲಸ ಮಾಡುವವರೊಬ್ಬರನ್ನು ಕರೆತಂದು ಬಲ್ಬಿನ ತಂತಿಯನ್ನು ತೊಲೆಗುಂಟ ಎತ್ತರದಲ್ಲಿ ಎಳೆಸಿ, ಹದಿನೈದರ ಬಲ್ಬು ಹಾಕಿಸಿ, ತಗಡಿನ ಮುಚ್ಚಳ ಕೂಡಿಸಿದರು. ಈಗ ಬೆಳಕು ಒಲೆಯ ಮೇಲೆ, ನನ್ನ ಹೊಲಿಗೆಯ ಮೇಲೆ ಮಾತ್ರ ಬೀಳುತ್ತದೆ. ಕೋಣೆಯ ಉಳಿದ ಭಾಗಕ್ಕೆ ಸಂಜೆ ಸಂಜೆಯಾಗಿಯೇ ಬರುತ್ತದೆ.

ಉಳಿದದ್ದು ಇವರ ನಿದ್ದೆ. ನಡುವಿನ ಬಾಗಿಲು ಮುಚ್ಚಿ ಗೋಣಿಚೀಲ ಬಿಟ್ಟರೆ ಕೋಣೆಯೇನೋ ಕತ್ತಲಾಗುತ್ತದೆ. ಆದರೆ ನಮ್ಮ ದನಿ ಕೇಳದಿದ್ದರೆ, ಮನೆಯೊಳಗಿನದು ಕಾಣದಿದ್ದರೆ ಫಿರ್ಯಾದಿ ಹಿತ್ತಲಲ್ಲಿ ಒಂಟಿಯಾಗಿ ಕಿರುಚುತ್ತದೆ. ಬಾಗಿಲು ತೆರೆದಿಡಬೇಕು, ತೆರೆದರೆ ಬಿಸಿಲು ನೇರ ಹಾಸಿಗೆಗೆ. ಎರಡು ದಿನ ಇದೇ ಪಂಚಾಯತಿ. ಮೂರನೆಯ ಮುಂಜಾನೆ ಪಾಳಿ ಮುಗಿಸಿ ಬಂದವರು ನನ್ನ ಹಳೆಯ ಸೀರೆಯ ತುಂಡನ್ನು ಮಡಚಿ ಕಣ್ಣಿಗೆ ಕಟ್ಟಿಕೊಂಡು ಮಲಗಿದರು.

"ಇದೇನ್ರೀ?" ಎಂದೆ.

"ಮಾವಾರು ಹುಬ್ಬಳ್ಳ್ಯಾಗ ಕಟ್ಟಿಕೊಂಡಾರಲ್ಲ, ನಾ ಇಲ್ಲಿ ಕಟ್ಟಿಕೊಂಡೇನಿ. ಬಾಗಲಾ ತಗಿ, ಅದಕ್ಕ ಮನಿ ಕಾಣಲಿ" ಎಂದರು. ಗೋದುಬಾಯಿಯವರು ಬಂದವರು ಅದನ್ನು ನೋಡಿ "ಅಗಬಾಯೀ, ಯಾವ ಊರಿನ ಗಾಂಧಾರೀರೀ ಇವರು!" ಎಂದು ನಕ್ಕರು. ಇವರು ಪಟ್ಟಿಯೊಳಗಿಂದಲೇ "ಗೋದವ್ವಾ, ನಗೂದಾದ್ರ ಸಣ್ಣಗ ನಗ್ರಿ" ಎಂದರು.

ಎಳೆ ಬಿದಿರನ್ನು ಅದು ಮೊದಲು ದೂರದಿಂದ ನೋಡಿತು. ಬಳಿಕ ಒಂದು ಕಾಲಿನಲ್ಲಿ ಹಿಡಿದು ತಿರುಗಿಸಿ, ಗೆಣ್ಣಿನ ಹತ್ತಿರ ಸೀಳಿತು. ಆಹಾ, ಆ ಚಟಚಟ ಸಪ್ಪಳ! ಸಂಜೆಯ ಹೊತ್ತಿಗೆ ಪಂಜರದ ಕೆಳಗೆ ಸೀಳುಗಳ ರಾಶಿ. ನಾರಿನ ಗಂಟನ್ನು ಬಿಚ್ಚಿ ಒಳಗಿನ ಕಡಲೆಯನ್ನು ತೆಗೆದು ತಿಂದಾಗ, ಬಟ್ಟಲಲ್ಲಿ ಅದೇ ಕಡಲೆ ತುಂಬಿತ್ತು. ಅದನ್ನು ಮೂಸಲೂ ಇಲ್ಲ.

ಇನ್ನೊಂದು ಸಂಗತಿಯನ್ನು ಹೇಗೆ ಬರೆಯಬೇಕೆಂದು ತಿಳಿಯದೆ ಕೊನೆಗೆ ಇಟ್ಟಿದ್ದೇನೆ. ಹೊತ್ತು ಮುಳುಗುವಾಗ ಅಡವಿಯ ಗಿಣಿಗಳು ಹೊಳೆಗುಂಟ ಮೌಳಂಗಿ ಊರಿನ ಕಡೆಗೆ ಹಾರುತ್ತವೆ. ಈ ಮನೆಗೆ ಬಂದು ಐದು ವರ್ಷವಾದರೂ ನಾನು ನೋಡಿರಲಿಲ್ಲ. ಆ ಹೊತ್ತಿಗೆ ಒಳಗೆ ದೀಪ ಹಚ್ಚಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಮೊದಲು ಕೂಗು ಬರುತ್ತದೆ, ಬಳಿಕ ಹಸಿರು. ಒಂದು ಗುಂಪು ಹೋಯಿತೆನ್ನುವಷ್ಟರಲ್ಲಿ ಮತ್ತೊಂದು. ನೀರಿನ ಮೇಲೊಂದು ಹೊಳೆ ಹರಿದಂತೆ ಆಕಾಶದಲ್ಲಿ ಹರಿಯುತ್ತವೆ. ಫಿರ್ಯಾದಿ ತಂತಿಗೆ ಎದೆಯೊತ್ತಿ, ನಾನೆಂದೂ ಕೇಳದ ದನಿಯಲ್ಲಿ ಕೂಗಿತು. ಮನುಷ್ಯರಿಂದ ಕಲಿತ ದನಿ ಅದಾಗಿರಲಿಲ್ಲ. ಕೊನೆಯ ಗುಂಪು ದಾಟಿದ ಮೇಲೆ ಗರಿಯುಬ್ಬಿಸಿ, ತಲೆಯನ್ನು ಬೆನ್ನೊಳಗೆ ಹುದುಗಿಸಿ ಮಲಗಿತು. ನಾನು ಮತ್ತು ಇವರು ಕತ್ತಲಲ್ಲಿ ಹಾಗೆಯೇ ನಿಂತಿದ್ದೆವು. ಒಳಗೆ ಹೋಗಿ ಗುಂಡಿ ಒತ್ತಬೇಕೆಂದು ಇಬ್ಬರಿಗೂ ಅನಿಸಲಿಲ್ಲ.

ಈ ಮುಂಜಾನೆ ನೋಡಿದರೆ ಅದರ ಎದೆಯ ಮೇಲೆ ಸಣ್ಣ ಸಣ್ಣ ಬಿಳಿ ಸೂಜಿಗಳು ಎದ್ದಿವೆ. ಒಂದರ ತುದಿ ಬಿರಿದು ಎಳ್ಳುಕಾಳಿನಷ್ಟು ಹಸಿರು ಇಣುಕುತ್ತಿದೆ.

ಸುಶೀಲಾ

*

ಮುಂಡಗೋಡ
೧೫ ಮಾರ್ಚ ೧೯೬೪

ಚಿ. ಸುಶೀಲವ್ವಳಿಗೆ ಆಶೀರ್ವಾದ.

ಇದು ನನ್ನ ಸ್ವಹಸ್ತಾಕ್ಷರ. ಚಷ್ಮಾ ಬಂದಿದೆ, ಬಾಟಲಿಯ ತಳದಷ್ಟು ದಪ್ಪ. ಅಕ್ಷರಗಳು ಎತ್ತಿನಂತೆ ಎದುರಿಗೆ ಬರುತ್ತವೆ, ಮೆಟ್ಟಿಲುಗಳು ಇದ್ದಲ್ಲಿ ಇರುವುದಿಲ್ಲ. ರೂಢಿಯಾಗುವುದೆಂದು ಡಾಕ್ಟರರು ಹೇಳಿದ್ದಾರೆ.

ಯುಗಾದಿ ಮುಗಿದ ಮೇಲೆ ನಾನೇ ಖುದ್ದಾಗಿ ದಾಂಡೇಲಿಗೆ ಬಂದು ಸದರಿ ಗಿಣಿಯನ್ನು ಕರೆದೊಯ್ಯಲು ನಿಶ್ಚಯಿಸಿರುತ್ತೇನೆ. ಅದು ಪ್ರಯಾಣ ತಾಳುವಷ್ಟು ಸುಧಾರಿಸಿದೆಯೋ ಹೇಗೆಂಬುದನ್ನು ಇದ್ದಂತೆ ತಿಳಿಸು. ಕೋಣೆಯ ಕಿಟಕಿಗೆ ಬಿಸಿಲು ಬರುವಂತೆ ಮೇಜನ್ನು ಸರಿಸಿದ್ದೇನೆ.

ಮಹಾಂತಪ್ಪ

*

ದಾಂಡೇಲಿ
೨೩ ಮಾರ್ಚ ೧೯೬೪

ಅಪ್ಪಾ,

ಸುಧಾರಿಸಿದೆ. ಎದೆ ತುಂಬಿದೆ. "ಸಹಿ ಮಾಡ್ರಿ" ಮತ್ತೆ ಶುರುವಾಗಿದೆ. ಅದು ನಿಮ್ಮದು, ಕರೆದುಕೊಂಡು ಹೋಗಿ. ಪಂಜರವನ್ನು ತೊಳೆದು ಸಿದ್ಧಮಾಡಿರುತ್ತೇನೆ.

ನೀವು ಬರುವ ಸುದ್ದಿ ಹೇಳಿದಾಗ ಇವರು "ಒಯ್ಯಲಿ, ಅವರದೇ ಐತಿ" ಎಂದರು. ಎಂದವರು ಸಂಜೆ ಹೊಸ ಹುಣಸೆ ಬರಲನ್ನು ತಂದು, ಕೂರುವ ಕೋಲಿನ ಅಳತೆಗೆ ಕೊರೆಯುತ್ತ ಕುಳಿತಿದ್ದರು.

ಸುಶೀಲಾ

*

ಮುಂಡಗೋಡ
೨೧ ಏಪ್ರಿಲ ೧೯೬೪

ಚಿರಂಜೀವಿ ಸೌಭಾಗ್ಯವತಿ ಸುಶೀಲವ್ವ ಹಾಗೂ ಚಿರಂಜೀವಿ ಉಳವಪ್ಪ, ಉಭಯತರಿಗೂ ಮುಂಡಗೋಡದ ಮಹಾಂತಪ್ಪನು ಹರಸಿ ಬರೆದುಕೊಂಡ ಬಿನ್ನಹ.

ಹೇಳದೆ ಕೇಳದೆ ಖಾಲಿ ಕೈಯಲ್ಲಿ ಮೊದಲ ಬಸ್ಸಿಗೆ ಹೊರಟುಬಂದುದರ ಕಾರಣವನ್ನು ತಿಳಿಸುವುದು ನನ್ನ ಕರ್ತವ್ಯ.

ಬಂದ ಸಂಜೆ ನಿಮ್ಮ ಹಿತ್ತಲಲ್ಲಿ ನಾನು ಗಿಣಿಯ ಕೊರಳಿನ ಪಟ್ಟಿಯನ್ನು ಕಂಡೆನು. ಗುಲಾಬಿ ಎಂದು ನಾನು ಅರ್ಜಿಯಲ್ಲಿ ಬರೆಯುವಂತೆ ಬರೆಯುತ್ತ ಬಂದಿದ್ದೆ. ಗುಲಾಬಿಯ ಮೇಲೆ ನೀಲಿಯ ಛಾಯೆ, ಕೆಳಗೆ ಮಸಿಯಿಂದ ಎಳೆದಂಥ ಕಪ್ಪು ಗೆರೆ, ಮತ್ತು ಹಸಿರೆಂಬುದು ಒಂದಲ್ಲ, ಬೆನ್ನಿಗೊಂದು, ರೆಕ್ಕೆಗೊಂದು, ಹೊಸದಾಗಿ ಹುಟ್ಟಿದ ಎದೆಗೊಂದು. ಅಷ್ಟರಲ್ಲಿ ಆಕಾಶದ ಗಿಣಿಗಳು ಬಂದವು. ನನ್ನ ಚಷ್ಮಾದಲ್ಲಿ ಒಂದು ಹತ್ತಾಗಿ ಕಾಣುವುದರಿಂದ ಎಷ್ಟು ಬಂದವೆಂದು ಪ್ರಮಾಣ ಮಾಡಿ ಹೇಳಲಾರೆ. ಇಷ್ಟು ಹೇಳಬಲ್ಲೆ, ಇಷ್ಟೊಂದು ಇರುವುದೆಂದು ತಿಳಿಯದೆ ನಾನು ಮುದುಕನಾದೆನು. ಉಳವಪ್ಪನು ನನ್ನ ಮೊಣಕೈ ಹಿಡಿದು "ಮಾವಾರ, ಹಿಂದ ಮೆಟ್ಟಲಾ ಐತ್ರಿ" ಎಂದಾಗ, ಬಾಯಿ ತೆರೆದುಕೊಂಡೇ ಹಿಂದೆ ಹಿಂದೆ ಸರಿಯುತ್ತಿದ್ದೆನೆಂಬುದು ಗೊತ್ತಾಯಿತು. ನಾನು "ಹ್ಞೂಂ" ಎಂದೆನು.

ಆದಾಗ್ಯೂ ಒಯ್ಯಬೇಕೆಂಬ ನಿಶ್ಚಯವು ನನ್ನಲ್ಲಿ ಇದ್ದೇ ಇತ್ತು. ಮರುದಿನ ಸುಶೀಲಾ ಹೊಳೆಗೆ ಬಟ್ಟೆ ಒಗೆಯಲು ಹೋಗಿದ್ದಾಗ ಪಾಳಿ ಮುಗಿಸಿ ಬಂದ ಉಳವಪ್ಪನು, ನಾನು ಎಚ್ಚರಿರುವುದನ್ನು ನೋಡದೆ, ಕಣ್ಣಿಗೆ ಸೀರೆಯ ತುಂಡು ಕಟ್ಟಿಕೊಂಡು ಬಿಸಿಲಲ್ಲೇ ಮಲಗಿದನು. ಗಿಣಿಯು ಅದುವರೆಗೆ ಗಟ್ಟಿಯಾಗಿ ಕೂಗುತ್ತಿತ್ತು. ಅದು ಕತ್ತು ಓರೆಮಾಡಿ, ಪಟ್ಟಿ ಕಟ್ಟಿದ ಆ ಮುಖವನ್ನು ಒಂದು ಕಣ್ಣಿನಿಂದ ನೋಡಿತು, ಮತ್ತೊಂದು ಕಣ್ಣಿನಿಂದ ನೋಡಿತು. ಆಮೇಲೆ ದನಿ ತಗ್ಗಿಸಿತು. ತಗ್ಗಿಸಿ, ತೊಟ್ಟಿಲ ಹತ್ತಿರ ಮಾತಾಡುವವರಂತೆ, ತನ್ನಷ್ಟಕ್ಕೆ ಗುಣುಗುಣು ಮಾಡುತ್ತ ಬಿದಿರನ್ನು ಮೆಲ್ಲಗೆ, ಸಪ್ಪಳವಾಗದಂತೆ, ಎಳೆಎಳೆಯಾಗಿ ಬಿಡಿಸತೊಡಗಿತು. ಇದನ್ನು ಅದಕ್ಕೆ ಯಾರು ಕಲಿಸಿದರು? ನನ್ನ ಕೋಣೆಯಲ್ಲಿದ್ದಾಗ ಅದು ಯಾರಿಗಾಗಿಯೂ ದನಿ ತಗ್ಗಿಸಿದ್ದಿಲ್ಲ, ನಾನೂ ತಗ್ಗಿಸಿದ್ದಿಲ್ಲ. ಪಟ್ಟಿಯೊಳಗೆ ಮಲಗಿದವನಿಗೆ ಹೊರಗಿನ ದನಿ ಎಂಥದೆಂಬುದನ್ನು ನಾನು ಬಲ್ಲೆ. ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದೆನು. ಎರಡೂ ಜೀವಗಳು ಒಂದನ್ನೊಂದು ಕಾಯುತ್ತಿದ್ದವು. ಪಂಜರದ ಕೊಕ್ಕೆಗೆ ಕೈಹಾಕಲು ನನ್ನಿಂದ ಆಗಲಿಲ್ಲ.

ಆದಕಾರಣ ಸದರಿ ಗಿಣಿಯ ಮೇಲಿನ ನನ್ನ ಹಕ್ಕನ್ನು ಯಾವ ಷರತ್ತೂ ಇಲ್ಲದೆ ನಿಮಗೆ ಬಿಟ್ಟುಕೊಟ್ಟಿರುತ್ತೇನೆ.

ಪ್ರತಿಯೊಂದು ಅರ್ಜಿಯ ಕೊನೆಗೆ ಪ್ರಾರ್ಥನೆಯ ಕಲಮು ಇರತಕ್ಕದ್ದು. ಬೇರೆಯವರ ಪರವಾಗಿ ಅದನ್ನು ಆಯುಷ್ಯವಿಡೀ ಬರೆದೆನು, ನನ್ನದಾಗಿ ಬರೆಯುವುದು ಇದೇ ಮೊದಲು. ತಿಂಗಳಿಗೊಮ್ಮೆ ಒಂದು ಸಂಜೆ, ಗಿಣಿಗಳು ಹೋಗುವ ಹೊತ್ತಿಗೆ, ನಿಮ್ಮ ಹಿತ್ತಲಲ್ಲಿ ಕುಳಿತುಕೊಳ್ಳಲು ನನಗೆ ಅಪ್ಪಣೆಯಾಗಬೇಕೆಂದು ಉಳವಪ್ಪನಲ್ಲಿ ವಿನಂತಿ.

ಮಹಾಂತಪ್ಪ

*

ದಾಂಡೇಲಿ
೨೭ ಏಪ್ರಿಲ ೧೯೬೪

ಮಾವನವರಿಗೆ ಉಳವಪ್ಪನ ಶರಣು.

ನಾನು ನಿಮಗೆ ಬರೆಯುವ ಮೊದಲ ಕಾರ್ಡು. ಅರ್ಜಿ ಓದಿದೆ, ಮಂಜೂರು ಮಾಡಿದೆ. ತಿಂಗಳಿಗೊಮ್ಮೆ ಎಂಬುದನ್ನು ಮಾತ್ರ ಹೊಡೆದುಹಾಕಿದ್ದೇನೆ.

ಬರುವ ವಾರ ನನಗೆ ಹಗಲು ಪಾಳಿ, ಸಂಜಿಗೆ ಮನ್ಯಾಗ ಇರ್ತೇನಿ. ಹಿತ್ತಲದಾಗ ಗ್ವಾಡಿಗೆ ಹತ್ತಿಸಿ ಒಂದು ಕಲ್ಲ ಹಾಕೇನಿ, ಬೆನ್ನಿಗೆ ಆಸರ ಆಗ್ತೈತಿ. ಹಳಿಯಾಳದಾಗ ಬಸ್ಸ ಬದಲಿ ಮಾಡೂ ಮುಂದ ಮೆಟ್ಟಲಾ ನೋಡಿ ಇಳೀರಿ. ಇಳಿದಲ್ಲೇ ನಿಂದರ್ರಿ, ನಾ ಬಂದಿರ್ತೇನಿ.

ಉಳವಪ್ಪ